ಕೊಪ್ಪಳದ ರನ್‌ವೇ: ಗಾಳಿಯನ್ನು ಕೇಳಿದವರು ಯಾರು?

ಕೊಪ್ಪಳ ಜಿಲ್ಲೆಗೆ ವಿಮಾನ ಸಂಪರ್ಕ ಬೇಕೆಂಬ ಬೇಡಿಕೆಗೆ ಈಗ ಸಾಕಷ್ಟು ವಯಸ್ಸಾಗಿದೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಈ ಪ್ರದೇಶದಲ್ಲಿ ಉಕ್ಕು ಮತ್ತು ಬೀಡುಕಬ್ಬಿಣದ ಕಾರ್ಖಾನೆಗಳಿವೆ, ತುಂಗಭದ್ರೆಯ ಎಡದಂಡೆಯ ಭತ್ತವಿದೆ, ಭಾನಾಪುರದ ಬಳಿ ಆಟಿಕೆ ಉದ್ಯಮಗಳ ಸಮುಚ್ಚಯವಿದೆ, ಗಂಗಾವತಿ ತಾಲ್ಲೂಕಿನ ಆನೆಗೊಂದಿ ಮತ್ತು ಅಂಜನಾದ್ರಿಗೆ ಹರಿದುಬರುವ ಯಾತ್ರಿಕರಿದ್ದಾರೆ. ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಎರಡನೇ ಸುತ್ತಿನ ಪಟ್ಟಿ 2018ರ ಆರಂಭದಲ್ಲಿ ಪ್ರಕಟವಾದಾಗ ಅದರಲ್ಲಿ ಹುಬ್ಬಳ್ಳಿಯ ಜೊತೆಗೆ ಕೊಪ್ಪಳದ ಹೆಸರೂ ಇತ್ತು. ಹುಬ್ಬಳ್ಳಿಗೆ ವಿಮಾನಗಳು ಬಂದವು. ಕೊಪ್ಪಳಕ್ಕೆ ಬರಲಿಲ್ಲ. ಗಿಣಿಗೇರಾ ಸಮೀಪ ಎಂಎಸ್‌ಪಿಎಲ್ ಕಂಪನಿಯ ಖಾಸಗಿ ಏರ್‌ಸ್ಟ್ರಿಪ್ ಇದೆಯಾದರೂ ಅಲ್ಲಿಂದ ಉಡಾನ್ ಸಂಚಾರ ಆರಂಭವಾಗಲೇ ಇಲ್ಲ. ಅಂದಿನಿಂದ ಮನವಿಪತ್ರ, ಭರವಸೆ, ಸ್ಥಳ ಪರಿಶೀಲನೆಗಳ ಮಾತು ನಡೆದೇ ಇದೆ.

ಈ ಚರ್ಚೆಯಲ್ಲಿ ಜಮೀನಿನ ಬೆಲೆ ಬಂದಿದೆ, ಪ್ರಯಾಣಿಕರ ಸಂಖ್ಯೆ ಬಂದಿದೆ, ಯಾವ ತಾಲ್ಲೂಕಿಗೆ ಹತ್ತಿರವಾಗಬೇಕೆಂಬ ಲೆಕ್ಕಾಚಾರವಂತೂ ಬಂದೇ ಬರುತ್ತದೆ. ಗಾಳಿಯ ಮಾತು ಮಾತ್ರ ಯಾರ ಬಾಯಿಂದಲೂ ಬಂದದ್ದು ನನ್ನ ಕಿವಿಗೆ ಬಿದ್ದಿಲ್ಲ. ಇದು ವಿಚಿತ್ರ. ಏಕೆಂದರೆ ಇಡೀ ರಾಜ್ಯದಲ್ಲಿ ಗಾಳಿಯನ್ನು ಇಷ್ಟು ಚೆನ್ನಾಗಿ ಮಾರಾಟ ಮಾಡಿರುವ ಜಿಲ್ಲೆಗಳು ಕೆಲವೇ. ಗದಗಿನ ಕಪ್ಪತಗುಡ್ಡದಿಂದ ಆಚೆ ಕುಕನೂರು, ಯಲಬುರ್ಗಾ, ಕುಷ್ಟಗಿಯವರೆಗೆ ಎರೆಹೊಲಗಳ ನಡುವೆ ನಿಂತಿರುವ ಗಾಳಿಯಂತ್ರಗಳನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕರ್ನಾಟಕದ ಪವನ ವಿದ್ಯುತ್ ಸಾಮರ್ಥ್ಯ 7 ಸಾವಿರ ಮೆಗಾವಾಟ್ ದಾಟಿರುವುದರಲ್ಲಿ ಈ ಬಯಲಿನ ಪಾಲೂ ಇದೆ. ಯಾವ ಗಾಳಿಯನ್ನು ನೆಚ್ಚಿ ಕಂಪನಿಗಳು ಇಲ್ಲಿಗೆ ಬಂಡವಾಳ ತಂದವೋ ಅದೇ ಗಾಳಿ ಇಳಿಯುತ್ತಿರುವ ಸಣ್ಣ ವಿಮಾನವನ್ನು ಪಕ್ಕಕ್ಕೆ ತಳ್ಳುತ್ತದೆ.

ಸಣ್ಣ ವಿಮಾನಗಳ ಪ್ರಶ್ನೆ ಈಗ ಮುಖ್ಯವಾಗಲು ಕಾರಣವಿದೆ. ಉಡಾನ್ ಯೋಜನೆಯನ್ನು 20ಕ್ಕಿಂತ ಕಡಿಮೆ ಆಸನಗಳ ವಿಮಾನಗಳಿಗೂ ವಿಸ್ತರಿಸಲಾಗಿದೆ. ಕಲಬುರಗಿ, ಬೆಳಗಾವಿ, ಮೈಸೂರಿನಲ್ಲಿ ಹಾರಾಟ ತರಬೇತಿ ಶಾಲೆಗಳು ಬಂದಿವೆ. ಚುನಾವಣೆಯ ಕಾಲದಲ್ಲಂತೂ ಬಾಡಿಗೆಯ ಪುಟ್ಟ ವಿಮಾನಗಳು ಏರ್‌ಸ್ಟ್ರಿಪ್‌ನಿಂದ ಏರ್‌ಸ್ಟ್ರಿಪ್‌ಗೆ ಹಾರಾಡುತ್ತವೆ. ಕೊಪ್ಪಳದಂಥ ಊರಿಗೆ ನಾಳೆ ಬರುವುದು ಬೋಯಿಂಗ್ ಅಲ್ಲ. ಒಂಬತ್ತು ಆಸನಗಳ ಸೆಸ್ನಾ ಕ್ಯಾರವಾನ್ ಅಥವಾ ಹೆಚ್ಚೆಂದರೆ ಎಟಿಆರ್ ಬರುತ್ತದೆ.

ಅಡ್ಡಗಾಳಿ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ವಿಮಾನವೆಂಬುದು ಗಾಳಿಯೊಳಗೆ ತೇಲುವ ವಸ್ತು. ಗಾಳಿಯ ರಾಶಿ ಯಾವ ಕಡೆಗೆ ಸರಿಯುತ್ತದೋ ಅದೂ ಆ ಕಡೆಗೆ ಸರಿಯುತ್ತದೆ. ತುಂಬಿದ ಹೊಳೆಯನ್ನು ದಾಟುವ ಅಂಬಿಗ ಎದುರು ದಡದ ಮೆಟ್ಟಿಲಿಗೆ ಸೇರಬೇಕಾದರೆ ಹರಿಗೋಲನ್ನು ಪ್ರವಾಹದ ಮೇಲ್ಮುಖಕ್ಕೆ ಹುಟ್ಟು ಹಾಕುತ್ತಾನೆ. ಪೈಲಟ್ ಕೂಡ ಹಾಗೆಯೇ ವಿಮಾನದ ಮೂತಿಯನ್ನು ಗಾಳಿ ಬರುವ ದಿಕ್ಕಿಗೆ ಓರೆಯಾಗಿಸಿಕೊಂಡು ರನ್‌ವೇ ಕಡೆಗೆ ಬರುತ್ತಾನೆ. ಎಷ್ಟು ಓರೆ ಎಂಬುದು ವಿಮಾನದ ವೇಗವನ್ನು ಅವಲಂಬಿಸಿದೆ. 140 ನಾಟ್ ವೇಗದಲ್ಲಿ ಬರುವ ಜೆಟ್ ವಿಮಾನಕ್ಕೆ 15 ನಾಟ್‌ಗಳ ಅಡ್ಡಗಾಳಿ ಬೀಸಿದರೆ ಆರು ಡಿಗ್ರಿ ಓರೆ ಸಾಕು. 60 ನಾಟ್ ವೇಗದಲ್ಲಿ ಬರುವ ತರಬೇತಿ ವಿಮಾನಕ್ಕೆ ಅದೇ ಗಾಳಿಯಲ್ಲಿ ಹದಿನಾಲ್ಕು ಡಿಗ್ರಿಗಿಂತ ಹೆಚ್ಚು ಬೇಕು. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್. ಅಂದರೆ ಇಲ್ಲಿ ಹೇಳುತ್ತಿರುವುದು ಗಂಟೆಗೆ 28 ಕಿಲೋಮೀಟರಿನ ಗಾಳಿ, ಆಷಾಢದ ಮಧ್ಯಾಹ್ನ ಯಲಬುರ್ಗಾದ ಯಾವ ರೈತನೂ ಲೆಕ್ಕಕ್ಕೆ ಇಟ್ಟುಕೊಳ್ಳದ ಗಾಳಿ.

ಆದರೆ ಓರೆಯಾಗಿಯೇ ನೆಲ ಮುಟ್ಟುವಂತಿಲ್ಲ. ಚಕ್ರಗಳು ಒಂದು ದಿಕ್ಕಿಗೆ, ಚಲನೆ ಇನ್ನೊಂದು ದಿಕ್ಕಿಗೆ ಇದ್ದರೆ ಚಕ್ರದ ಕಾಲುಗಳ ಮೇಲೆ ಪಕ್ಕದ ಹೊಡೆತ ಬೀಳುತ್ತದೆ. ಆದ್ದರಿಂದ ನೆಲಕ್ಕೆ ಕೆಲವೇ ಅಡಿ ಇರುವಾಗ ಪೈಲಟ್ ಬಾಲದ ರಡ್ಡರನ್ನು ಒತ್ತಿ ಮೂತಿಯನ್ನು ರನ್‌ವೇಗೆ ನೇರ ಮಾಡಬೇಕು. ಅದೇ ಕ್ಷಣದಲ್ಲಿ ಗಾಳಿಯ ಕಡೆಯ ರೆಕ್ಕೆಯನ್ನು ಸ್ವಲ್ಪ ತಗ್ಗಿಸಬೇಕು, ಇಲ್ಲವಾದರೆ ಗಾಳಿ ಆ ರೆಕ್ಕೆಯ ಅಡಿ ಹೊಕ್ಕು ವಿಮಾನವನ್ನು ಎತ್ತಿ ಮಗುಚುತ್ತದೆ. ಕೈ ಮತ್ತು ಕಾಲು ಪರಸ್ಪರ ವಿರುದ್ಧವಾಗಿ ಕೆಲಸ ಮಾಡುವ ಈ ಕ್ರಿಯೆಗೆ ಸಿಗುವ ಸಮಯ ಎರಡೋ ಮೂರೋ ಸೆಕೆಂಡು. ವೇಗ ಕಡಿಮೆಯಾದಂತೆ ರಡ್ಡರಿನ ಮೇಲೆ ಹಾಯುವ ಗಾಳಿಯೂ ಕಡಿಮೆಯಾಗಿ ಅದರ ಹಿಡಿತ ಸಡಿಲಗೊಳ್ಳುತ್ತದೆ. ನಿಯಂತ್ರಣ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಅದು ಅತಿ ಕಡಿಮೆ ಇರುತ್ತದೆ. ನೆಲ ಮುಟ್ಟಿತೆಂದು ಕೈ ಸಡಿಲ ಬಿಟ್ಟರೆ, ಬಾಲದ ಎತ್ತರದ ಹಲಗೆಗೆ ಗಾಳಿ ಬಡಿದು ವಿಮಾನ ಮನೆಯ ಮಾಳಿಗೆಯ ಮೇಲಿನ ಗಾಳಿಪಟ್ಟಿಯಂತೆ ಗಾಳಿಯ ಕಡೆಗೆ ಗಿರಕ್ಕನೆ ತಿರುಗುತ್ತದೆ. ಸಣ್ಣ ವಿಮಾನಗಳು ರನ್‌ವೇ ಬಿಟ್ಟು ಹುಲ್ಲಿಗೆ ಇಳಿಯುವ, ರೆಕ್ಕೆಯ ತುದಿ ನೆಲಕ್ಕೆ ತಾಗುವ ಪ್ರಕರಣಗಳಲ್ಲಿ ಬಹಳಷ್ಟು ಆಗುವುದು ಹೀಗೆ. ಇವುಗಳಲ್ಲಿ ಸಾಮಾನ್ಯವಾಗಿ ಯಾರೂ ಸಾಯುವುದಿಲ್ಲ. ಹಾಗಾಗಿ ಪತ್ರಿಕೆಗಳಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿಯುತ್ತವೆ.

ಸಾವು ಬರುವುದು ಅದಕ್ಕೂ ಸ್ವಲ್ಪ ಮುಂಚೆ, ರನ್‌ವೇ ಕಡೆಗೆ ಕೊನೆಯ ತಿರುವು ತೆಗೆದುಕೊಳ್ಳುವಾಗ. ಆ ತಿರುವಿನ ಮುನ್ನ ಗಾಳಿ ಹಿಂದಿನಿಂದ ನೂಕುತ್ತಿದ್ದರೆ ವಿಮಾನ ಅಂದುಕೊಂಡದ್ದಕ್ಕಿಂತ ಬೇಗ ಸಾಗಿ ರನ್‌ವೇಯ ನೇರವನ್ನು ದಾಟಿಬಿಡುತ್ತದೆ. ತಪ್ಪಿದ ದಾರಿಗೆ ಮರಳಲು ಪೈಲಟ್ ತಿರುವನ್ನು ಬಿಗಿ ಮಾಡುತ್ತಾನೆ, ರೆಕ್ಕೆಯನ್ನು ಹೆಚ್ಚು ವಾಲಿಸುತ್ತಾನೆ, ಮೂತಿಯನ್ನು ಎಳೆಯುತ್ತಾನೆ. ಇಲ್ಲಿ ಭೌತಶಾಸ್ತ್ರ ಕರುಣೆ ತೋರುವುದಿಲ್ಲ. ನೇರ ಹಾರಾಟದಲ್ಲಿ 50 ನಾಟ್ ವೇಗದವರೆಗೂ ತೇಲಬಲ್ಲ ವಿಮಾನ, ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ವಾಲಿ ತಿರುಗುವಾಗ ಸುಮಾರು 60 ನಾಟ್‌ಗೇ ತೇಲುವ ಶಕ್ತಿ ಕಳೆದುಕೊಳ್ಳುತ್ತದೆ. 60 ಡಿಗ್ರಿ ವಾಲಿದರೆ 70 ನಾಟ್‌ಗೇ. ಹೀಗೆ ‘ಸ್ಟಾಲ್’ ಆದ ವಿಮಾನ ಒಂದು ಪಕ್ಕಕ್ಕೆ ಮಗುಚಿ ಸುತ್ತುತ್ತಾ ಬೀಳುತ್ತದೆ. ಸಾವಿರಾರು ಅಡಿ ಮೇಲಿದ್ದರೆ ಸಾವರಿಸಿಕೊಳ್ಳಬಹುದು. ಐನೂರು ಅಡಿಯಲ್ಲಿ ಆಗದು. ಅಮೆರಿಕದಲ್ಲಿ ಸಣ್ಣ ವಿಮಾನಗಳ ಮಾರಣಾಂತಿಕ ಅಪಘಾತಗಳಿಗೆ ಹಾರಾಟದಲ್ಲಿ ನಿಯಂತ್ರಣ ತಪ್ಪುವುದೇ ಅತಿ ದೊಡ್ಡ ಕಾರಣವೆಂದು ಅಲ್ಲಿನ ತನಿಖಾ ಸಂಸ್ಥೆ ವರ್ಷಗಳಿಂದ ಹೇಳುತ್ತಾ ಬಂದಿದೆ.

ಇದಕ್ಕೆ ಕೊಪ್ಪಳದ ಬಿಸಿಲನ್ನೂ ಸೇರಿಸಬೇಕು. ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದ ಈ ನೆಲದಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟಿದಾಗ ಗಾಳಿ ತೆಳುವಾಗಿ, ವಿಮಾನದ ಎಂಜಿನ್ ಮತ್ತು ರೆಕ್ಕೆಗಳ ಪಾಲಿಗೆ ಅದು ಸುಮಾರು 1,500 ಮೀಟರ್ ಎತ್ತರದ ಗಾಳಿಯಾಗುತ್ತದೆ. ಇಳಿಯುವುದು ಸಾಧ್ಯವಾಗದೆ ಮತ್ತೆ ಮೇಲೇಳಬೇಕೆಂದು ಪೈಲಟ್ ಪೂರ್ಣ ಶಕ್ತಿ ಕೊಟ್ಟಾಗ ಸಿಗುವ ಶಕ್ತಿ ಪುಸ್ತಕದಲ್ಲಿ ಬರೆದ ಪೂರ್ಣ ಶಕ್ತಿಯಲ್ಲ.

ಕಾಲ್ಪನಿಕ ಭಯ ಹುಟ್ಟಿಸುತ್ತಿದ್ದೇನೆ ಎಂದು ಓದುಗರು ಭಾವಿಸಬಾರದು. ಕೊಪ್ಪಳದಿಂದ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರದ ಹುಬ್ಬಳ್ಳಿಯ ಅನುಭವವನ್ನೇ ನೋಡೋಣ. 2021ರ ಜೂನ್ 14ರ ರಾತ್ರಿ ಕಣ್ಣೂರಿನಿಂದ ಬಂದ ಇಂಡಿಗೊ ಸಂಸ್ಥೆಯ ಎಟಿಆರ್ ವಿಮಾನ ಅಡ್ಡಗಾಳಿಯ ಕಾರಣ ಮೊದಲ ಯತ್ನದಲ್ಲಿ ಇಳಿಯಲಾಗದೆ ಮತ್ತೆ ಮೇಲೇರಿತು. ಸುಮಾರು ಅರ್ಧ ಗಂಟೆಯ ನಂತರ ಎರಡನೇ ಯತ್ನದಲ್ಲಿ ಇಳಿದಾಗ ಅದರ ಟೈರ್ ಒಡೆದಿರುವುದು ಕಂಡುಬಂತು. ಯಾರಿಗೂ ಅಪಾಯವಾಗಲಿಲ್ಲ. ಅದಕ್ಕೂ ಮುಂಚೆ 2015ರ ಮಾರ್ಚ್ 8ರಂದು ಅದೇ ನಿಲ್ದಾಣದಲ್ಲಿ ಮಳೆಯ ನಡುವೆ ಇಳಿದ ಸ್ಪೈಸ್‌ಜೆಟ್‌ನ ಕ್ಯೂ-400 ವಿಮಾನ ರನ್‌ವೇಯ ಮಧ್ಯರೇಖೆಯಿಂದ ಎಡಕ್ಕೆ ಸರಿದು ಹೊರಬಿದ್ದು ಚಕ್ರದ ಕಾಲು ಮುರಿದುಕೊಂಡಿತ್ತು. ನೆಲ ಮುಟ್ಟಿದ ಬಳಿಕ ಹವಾಮಾನದಿಂದಾಗಿ ಪೈಲಟ್‌ಗೆ ರನ್‌ವೇಯ ಗುರುತುಗಳು ಕಾಣದೇ ಹೋದದ್ದು ಅದಕ್ಕೆ ಕಾರಣವೆಂದು ತನಿಖೆ ಹೇಳಿತು. ಅದನ್ನು ಅಡ್ಡಗಾಳಿಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಎರಡೂ ಪ್ರಕರಣಗಳಲ್ಲಿ ಒಂದು ಅಂಶ ಗಮನಾರ್ಹ. ಅವು ಅನುಭವಿ ಸಂಸ್ಥೆಗಳ, ಇಬ್ಬರು ಪೈಲಟ್‌ಗಳಿರುವ ವಿಮಾನಗಳು. ಇಳಿದದ್ದು ನಿಯಂತ್ರಣ ಗೋಪುರವಿರುವ ನಿಲ್ದಾಣದಲ್ಲಿ. ಅಲ್ಲಿಯೇ ಹೀಗಾದರೆ, ಗೋಪುರವಿಲ್ಲದ ಏರ್‌ಸ್ಟ್ರಿಪ್‌ನಲ್ಲಿ ಒಬ್ಬನೇ ಪೈಲಟ್ ಇಳಿಸುವ ಪುಟ್ಟ ವಿಮಾನದ ಪಾಡೇನು?

ಎಟಿಆರ್-72 ವಿಮಾನ 35 ನಾಟ್‌ಗಳ ಅಡ್ಡಗಾಳಿಯಲ್ಲಿ ಇಳಿದು ತೋರಿಸಿದೆ ಎಂದು ಅದರ ತಯಾರಕರು ದಾಖಲಿಸಿದ್ದಾರೆ. ಕ್ಯಾರವಾನ್‌ಗೆ ಆ ಅಂಕಿ 20, ತರಬೇತಿಗೆ ಬಳಸುವ ಸೆಸ್ನಾ-172ಕ್ಕೆ 15. ‘ಇಳಿದು ತೋರಿಸಿದೆ’ ಎಂಬ ಪದಪ್ರಯೋಗವನ್ನು ಗಮನಿಸಬೇಕು. ಅದು ಮಿತಿಯಲ್ಲ, ತಯಾರಕರ ನುರಿತ ಪೈಲಟ್ ಪರೀಕ್ಷೆಯ ದಿನ ಸಿಕ್ಕಿದ ಗಾಳಿಯಲ್ಲಿ ಮಾಡಿ ತೋರಿಸಿದ ಸಾಧನೆ. 2008ರ ಮಾರ್ಚ್ 1ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಿರುಗಾಳಿಯ ನಡುವೆ ಇಳಿಯಲು ಹೋದ ಲುಫ್ತಾನ್ಸಾದ ಏರ್‌ಬಸ್ ವಿಮಾನದ ಎಡ ರೆಕ್ಕೆಯ ತುದಿ ನೆಲಕ್ಕೆ ಉಜ್ಜಿತು. ವಿಮಾನ ಮೇಲೆದ್ದು ಮತ್ತೊಮ್ಮೆ ಬಂದು ಸುರಕ್ಷಿತವಾಗಿ ಇಳಿಯಿತು. ಆ ಘಟನೆಯ ತನಿಖೆ ಬಯಲಿಗೆಳೆದ ಸಂಗತಿಗಳಲ್ಲಿ ಒಂದೆಂದರೆ ಈ ಅಂಕಿಯನ್ನು ಪೈಲಟ್‌ಗಳು ಬೇರೆ ಬೇರೆಯಾಗಿ ಅರ್ಥ ಮಾಡಿಕೊಂಡಿದ್ದರು ಎಂಬುದು. ಕೆಲವರಿಗೆ ಅದು ದಾಟಬಾರದ ಗೆರೆ, ಇನ್ನು ಕೆಲವರಿಗೆ ಕೇವಲ ಮಾರ್ಗದರ್ಶಿ. ಜರ್ಮನಿಯ ಹಿರಿಯ ಸಂಸ್ಥೆಯ ಪೈಲಟ್‌ಗಳಲ್ಲಿಯೇ ಈ ಗೊಂದಲವಿದ್ದರೆ ಇನ್ನೂರು ಗಂಟೆಗಳ ಹಾರಾಟ ಮುಗಿಸಿ ಲೈಸೆನ್ಸ್ ಪಡೆದ ಯುವಕನ ಸ್ಥಿತಿಯನ್ನು ಊಹಿಸಬಹುದು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ತೊಂಬತ್ತರ ದಶಕದಲ್ಲಿ, ನಾನು ಈ ಭಾಗದಲ್ಲಿ ಸೇವೆಯಲ್ಲಿದ್ದಾಗ, ಗಣ್ಯರೊಬ್ಬರು ಜುಲೈ ತಿಂಗಳ ಒಂದು ದಿನ ಸಣ್ಣ ವಿಮಾನದಲ್ಲಿ ನೆರೆಯ ಜಿಲ್ಲೆಯ ಒಂದು ಏರ್‌ಸ್ಟ್ರಿಪ್‌ಗೆ ಬರುವವರಿದ್ದರು. ಸ್ಥಳದ ವ್ಯವಸ್ಥೆಯ ಹೊಣೆ ನನ್ನದು. ದನಗಳನ್ನು ಅಟ್ಟಿಸಿ, ರನ್‌ವೇ ಗುಡಿಸಿ, ಶಾಮಿಯಾನ ಹಾಕಿಸಿ, ಊರಿನ ದರ್ಜಿಯಿಂದ ಗಾಳಿಚೀಲ ಹೊಲಿಸಿ ಶಾಮಿಯಾನದ ಪಕ್ಕದ ಕಂಬಕ್ಕೆ ಕಟ್ಟಿಸಿದ್ದೆವು. ವಿಮಾನ ಒಂದು ಸುತ್ತು ಹಾಕಿ ಕೆಳಗೆ ಬಂತು. ಇನ್ನೇನು ಇಳಿಯಿತು ಎನ್ನುವಾಗ ಒಂದು ರೆಕ್ಕೆ ತೊನೆದಂತಾಯಿತು. ಮರುಕ್ಷಣ ಅಬ್ಬರಿಸುತ್ತಾ ಮೇಲೇರಿ ಬಂದ ದಾರಿಗೆ ಹೊರಟುಹೋಯಿತು. ಮಾಲೆ ಹಿಡಿದ ಜನ ಮೂರು ಗಂಟೆ ಬಿಸಿಲಲ್ಲಿ ನಿಂತಿದ್ದರು. ಗಣ್ಯರು ಸಂಜೆ ರಸ್ತೆಯ ಮೂಲಕ, ಸಿಟ್ಟಿನಿಂದ ಬಂದರು. ಮರುದಿನ ನನ್ನಿಂದ ವರದಿ ಕೇಳಲಾಯಿತು. ‘ಸ್ಥಳದಲ್ಲಿ ಗಾಳಿ ಹೇಳಿಕೊಳ್ಳುವಷ್ಟೇನೂ ಇರಲಿಲ್ಲ, ಗಾಳಿಚೀಲ ಬಹುತೇಕ ಜೋತುಬಿದ್ದಿತ್ತು’ ಎಂದು ಬರೆದು ಸಹಿ ಮಾಡಿದೆ. ಕಂಡದ್ದನ್ನೇ ಬರೆದಿದ್ದೆ. ಅದರ ಆಧಾರದ ಮೇಲೆ ಪೈಲಟ್‌ನ ವಿವರಣೆ ಕೇಳಿದರೆಂದು ಆಮೇಲೆ ತಿಳಿಯಿತು. ಎಷ್ಟೋ ವರ್ಷಗಳ ನಂತರ ನಿವೃತ್ತ ಪೈಲಟ್ ಒಬ್ಬರಿಗೆ ಈ ಪ್ರಸಂಗ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಶಾಮಿಯಾನ ಗಾಳಿಯ ಯಾವ ಕಡೆಗಿತ್ತು?’ ಪಶ್ಚಿಮಕ್ಕಿತ್ತು. ಗಾಳಿಯೂ ಪಶ್ಚಿಮದ್ದೇ. ಶಾಮಿಯಾನದ ಮರೆಯಲ್ಲಿ ನಿಂತ ಗಾಳಿಚೀಲವನ್ನು ಸಾಕ್ಷಿಯಾಗಿಟ್ಟುಕೊಂಡು ನಾನು, ಸರಿಯಾದ ಕೆಲಸ ಮಾಡಿದ ಮನುಷ್ಯನ ವಿರುದ್ಧ ಬರೆದಿದ್ದೆ.

ಈ ಮನೋಭಾವ ನಮ್ಮಲ್ಲಿ ಈಗಲೂ ಉಳಿದಿದೆ. ಇಳಿಯದೆ ಹಿಂತಿರುಗಿದ ಪೈಲಟ್ ನಮ್ಮ ದೃಷ್ಟಿಯಲ್ಲಿ ಅಂಜುಬುರುಕ. ಗಣ್ಯರು ಒಳಗೆ ಕುಳಿತಿದ್ದಾರೆ, ಕೆಳಗೆ ಸಭೆ ಕಾದಿದೆ ಎಂಬ ಒತ್ತಡದಲ್ಲಿ ಎರಡನೇ, ಮೂರನೇ ಯತ್ನಗಳು ನಡೆಯುತ್ತವೆ. 2001ರ ಸೆಪ್ಟೆಂಬರ್ 30ರಂದು ಮಾಧವರಾವ್ ಸಿಂಧಿಯಾ ಅವರು ಚುನಾವಣಾ ಸಭೆಗೆ ಹೊರಟಿದ್ದ ಪುಟ್ಟ ವಿಮಾನ ಕೆಟ್ಟ ಹವೆಯಲ್ಲಿ ಉತ್ತರ ಪ್ರದೇಶದ ಮೈನ್‌ಪುರಿ ಬಳಿ ಬಿದ್ದಿತು. 2004ರ ಏಪ್ರಿಲ್ 17ರಂದು ನಟಿ ಸೌಂದರ್ಯ ಅವರು ಪ್ರಚಾರಕ್ಕೆಂದು ಜಕ್ಕೂರಿನಿಂದ ಹೊರಟ ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಬಿದ್ದದ್ದನ್ನು ಕನ್ನಡಿಗರು ಮರೆತಿಲ್ಲ. ಇವೆರಡೂ ಅಡ್ಡಗಾಳಿಯ ಪ್ರಕರಣಗಳಲ್ಲ. ಆದರೆ ಸಣ್ಣ ವಿಮಾನ ಎಂಬುದು ಟ್ಯಾಕ್ಸಿಯಲ್ಲ, ಅದಕ್ಕೆ ಕಾಯುವ ಸಮಯವನ್ನು ವೇಳಾಪಟ್ಟಿಯಲ್ಲೇ ಕೊಡಬೇಕು ಎಂಬ ತಿಳಿವಳಿಕೆ ಅವುಗಳಿಂದಲೂ ನಮಗೆ ಬರಲಿಲ್ಲ.

ಇನ್ನು ರನ್‌ವೇ ವಿಷಯಕ್ಕೆ ಬರೋಣ. ಏಕೆಂದರೆ ಸರ್ಕಾರ ಮಾಡಬಹುದಾದದ್ದು ಇರುವುದು ಇಲ್ಲಿಯೇ. ಪೈಲಟ್‌ನ ಕೈಕಾಲು ಸರ್ಕಾರದ ಹತೋಟಿಯಲ್ಲಿಲ್ಲ, ರನ್‌ವೇಯ ದಿಕ್ಕು ಇದೆ. ಗಾಳಿ ರನ್‌ವೇಗೆ 30 ಡಿಗ್ರಿ ಓರೆಯಾಗಿ ಬೀಸಿದರೆ ಅದರ ಅರ್ಧ ಭಾಗ ಮಾತ್ರ ಅಡ್ಡಗಾಳಿಯಾಗುತ್ತದೆ. 90 ಡಿಗ್ರಿಯಾದರೆ ಪೂರ್ತಿ. ಅಂದರೆ 20 ನಾಟ್‌ಗಳ ಒಂದೇ ಗಾಳಿ ಒಂದು ರನ್‌ವೇಯಲ್ಲಿ 10 ನಾಟ್‌ಗಳ ಕಿರಿಕಿರಿ, ಇನ್ನೊಂದರಲ್ಲಿ 20 ನಾಟ್‌ಗಳ ಅಪಾಯ. ಹುಬ್ಬಳ್ಳಿ, ಬೆಳಗಾವಿಯ ರನ್‌ವೇಗಳಿಗೆ 08 ಮತ್ತು 26 ಎಂಬ ಸಂಖ್ಯೆಗಳಿವೆ. ಅವು ದಿಕ್ಸೂಚಿಯ 80 ಮತ್ತು 260 ಡಿಗ್ರಿಗಳ ಸಂಕ್ಷೇಪ. ಅಂದರೆ ಹೆಚ್ಚೂಕಡಿಮೆ ಪೂರ್ವ–ಪಶ್ಚಿಮ. ಮುಂಗಾರಿನಲ್ಲಿ ನಮ್ಮ ಉತ್ತರದ ಬಯಲಿಗೆ ಬೀಸುವ ಜೋರು ಗಾಳಿ ಪಶ್ಚಿಮ ಮತ್ತು ನೈರುತ್ಯದ್ದಾದ್ದರಿಂದ ಈ ದಿಕ್ಕು ಸಮಂಜಸ. ಆದರೂ ಹುಬ್ಬಳ್ಳಿಯಲ್ಲಿ ಏನಾಯಿತೆಂಬುದನ್ನು ಮೇಲೆ ನೋಡಿದೆವು. ನಾಳೆ ಕೊಪ್ಪಳದಲ್ಲಿ ಸರ್ಕಾರಿ ಜಮೀನು ಉತ್ತರ–ದಕ್ಷಿಣವಾಗಿ ಉದ್ದಕ್ಕೆ ಸಿಕ್ಕಿತೆಂಬ ಒಂದೇ ಕಾರಣಕ್ಕೆ ರನ್‌ವೇಯನ್ನು ಹಾಗೆ ಎಳೆದರೆ ಮೂರು ತಿಂಗಳ ಕಾಲ ಅದು ಗಾಳಿಗೆ ಅಡ್ಡಲಾಗಿ ಮಲಗಿರುತ್ತದೆ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡ ಈ ಬಗ್ಗೆ ಸ್ಪಷ್ಟವಾಗಿದೆ. ರನ್‌ವೇಯ ದಿಕ್ಕು ಎಂಥದ್ದಿರಬೇಕೆಂದರೆ, ವರ್ಷದ ಶೇಕಡ 95ಕ್ಕಿಂತ ಕಡಿಮೆಯಿಲ್ಲದ ಕಾಲ ಅಡ್ಡಗಾಳಿಯ ಕಾರಣಕ್ಕೆ ಅದು ಬಳಕೆಗೆ ಬಾರದಂತಾಗಬಾರದು. ದೊಡ್ಡ ವಿಮಾನಗಳಿಗೆ ಅಡ್ಡಗಾಳಿಯ ಮಿತಿಯನ್ನು 20 ನಾಟ್ ಎಂದೂ, 1,200ರಿಂದ 1,500 ಮೀಟರ್ ರನ್‌ವೇ ಸಾಕಾಗುವ ವಿಮಾನಗಳಿಗೆ 13 ನಾಟ್ ಎಂದೂ, ಅದಕ್ಕಿಂತ ಸಣ್ಣವಕ್ಕೆ 10 ನಾಟ್ ಎಂದೂ ಹಿಡಿದು ಈ ಲೆಕ್ಕ ಮಾಡಬೇಕು. ಗಾಳಿಯ ದಾಖಲೆ ಕನಿಷ್ಠ ಐದು ವರ್ಷದ್ದಿರಬೇಕು, ದಿನಕ್ಕೆ ಕನಿಷ್ಠ ಎಂಟು ಬಾರಿ ಸಮಾನ ಅಂತರದಲ್ಲಿ ಅಳೆದಿರಬೇಕು ಎಂದೂ ಹೇಳಲಾಗಿದೆ. ವಿಮಾನ ಸಣ್ಣದಾದಷ್ಟೂ ರನ್‌ವೇಯ ದಿಕ್ಕಿನ ಬಗ್ಗೆ ಹೆಚ್ಚು ಎಚ್ಚರ ಬೇಕು ಎಂಬುದು ಇದರ ತಿರುಳು. ನಮ್ಮ ಆಡಳಿತದ ರೂಢಿ ಇದಕ್ಕೆ ತಿರುಗುಮುರುಗು: ದೊಡ್ಡ ನಿಲ್ದಾಣಕ್ಕೆ ದೊಡ್ಡ ಅಧ್ಯಯನ, ‘ಸಣ್ಣ ಏರ್‌ಸ್ಟ್ರಿಪ್ ತಾನೇ’ ಎಂಬುದಕ್ಕೆ ತಹಶೀಲ್ದಾರರ ಪಂಚನಾಮೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಆ ಶೇಕಡ 95 ಎಂಬ ಅಂಕಿಯ ಬಗೆಗೂ ಒಂದು ತಕರಾರಿದೆ. ವಾರ್ಷಿಕ ಸರಾಸರಿಯೆಂಬುದು ಬಹಳಷ್ಟನ್ನು ಮುಚ್ಚಿಡುತ್ತದೆ. ಉಳಿದ ಶೇಕಡ 5 ಎಂದರೆ ವರ್ಷಕ್ಕೆ 18 ದಿನಗಳಷ್ಟು ಕಾಲ. ಅದು ಹನ್ನೆರಡು ತಿಂಗಳಿಗೆ ಸಮನಾಗಿ ಹಂಚಿಹೋದರೆ ಯಾರಿಗೂ ತೊಂದರೆಯಿಲ್ಲ. ಆದರೆ ಗಾಳಿ ಹಾಗೆ ಹಂಚಿಕೊಂಡು ಬೀಸುವುದಿಲ್ಲ. ಚಳಿಗಾಲದ ಮೆಲುಗಾಳಿಯಲ್ಲಿ ಸಮಸ್ಯೆಯೇ ಇರದು. ಆ 18 ದಿನಗಳ ಭಾರವೆಲ್ಲ ಜೂನ್, ಜುಲೈ, ಆಗಸ್ಟ್‌ನ 92 ದಿನಗಳ ಮೇಲೆ ಬಿದ್ದರೆ ಐದು ದಿನಕ್ಕೊಂದು ದಿನ ರನ್‌ವೇ ಬಳಕೆಗೆ ಬಾರದು. ಅದರಲ್ಲೂ ಗಾಳಿ ಬಲಿಯುವುದು ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ. ವಿಮಾನದ ವೇಳೆ ಮಧ್ಯಾಹ್ನ ಮೂರಕ್ಕಿದ್ದರೆ ಪ್ರಮಾಣ ಇನ್ನೂ ಹೆಚ್ಚುತ್ತದೆ. ಕಾಗದದ ಮೇಲೆ ಮಾತ್ರ ಮಾನದಂಡ ಪೂರೈಸಿದಂತೆಯೇ.

ಇದರ ಪರಿಣಾಮ ಸುರಕ್ಷತೆಗೆ ಸೀಮಿತವಲ್ಲ. 2023ರಲ್ಲಿ ಸಂಸತ್ತಿನ ಮುಂದಿಟ್ಟ ಮಹಾಲೇಖಪಾಲರ ವರದಿಯ ಪ್ರಕಾರ ಉಡಾನ್‌ನ ಮೊದಲ ಮೂರು ಸುತ್ತುಗಳಲ್ಲಿ ಹಂಚಿಕೆಯಾದ 774 ಮಾರ್ಗಗಳಲ್ಲಿ ಸಂಚಾರ ಆರಂಭವಾದದ್ದು 371ರಲ್ಲಿ. ಮೂರು ವರ್ಷದ ರಿಯಾಯಿತಿ ಅವಧಿ ಪೂರೈಸಿದವು 112. ಅವಧಿ ಮುಗಿದ ಮೇಲೂ 2023ರ ಮಾರ್ಚ್‌ನಲ್ಲಿ ಉಳಿದಿದ್ದವು 54. ಇದಕ್ಕೆ ಗಾಳಿ ಕಾರಣವೆಂದು ನಾನು ಹೇಳುತ್ತಿಲ್ಲ. ಬೇಡಿಕೆಯ ಕೊರತೆ, ವಿಮಾನಗಳ ಕೊರತೆ, ಸಂಸ್ಥೆಗಳ ದುರ್ಬಲ ಹಣಕಾಸು ಎಲ್ಲವೂ ಇವೆ. ಬೀದರ್, ವಿದ್ಯಾನಗರ ಮಾರ್ಗಗಳಲ್ಲಿ ಹಾರುತ್ತಿದ್ದ ಟ್ರೂಜೆಟ್ 2022ರಲ್ಲಿ ನಿಂತದ್ದು ಹಣವಿಲ್ಲದೆ. ಆದರೆ ಇಷ್ಟು ಸೂಕ್ಷ್ಮ ಆರೋಗ್ಯದ ಮಾರ್ಗವೊಂದಕ್ಕೆ ಮಳೆಗಾಲದಲ್ಲಿ ಪದೇ ಪದೇ ರದ್ದಾಗುವ ರೋಗವೂ ಸೇರಿದರೆ ಪ್ರಯಾಣಿಕ ಕಾಯುವುದಿಲ್ಲ. ಅವನಿಗೆ ಬೇರೆ ದಾರಿಗಳಿವೆ. ತೋರಣಗಲ್ಲಿನಲ್ಲಿ ವಿಮಾನ ನಿಲ್ದಾಣವಿದೆ. ಹುಬ್ಬಳ್ಳಿಗೆ ಒಳ್ಳೆಯ ರಸ್ತೆಯಿದೆ. ದಶಕಗಳ ಕಾಯುವಿಕೆಯ ನಂತರ ಗದಗ–ವಾಡಿ ಮಾರ್ಗದ ಒಂದು ಭಾಗ ಸಿದ್ಧವಾಗಿ 2025ರ ಮೇನಲ್ಲಿ ಕುಷ್ಟಗಿಗೆ ರೈಲು ಬಂದಿದೆ. ಆ ರೈಲನ್ನು ನೋಡಲು ಸೇರಿದ ಜನರ ಉತ್ಸಾಹದ ಮುಂದೆ ಒಂಬತ್ತು ಆಸನಗಳ ವಿಮಾನ ಯಾವ ಲೆಕ್ಕ ಎಂದು ಕೇಳುವವರೂ ಇದ್ದಾರೆ. ಅದು ಬೇರೆಯೇ ಚರ್ಚೆ.

ವಿಮಾನ ನಿಲ್ದಾಣ ಬೇಡವೆನ್ನುವುದು ನನ್ನ ವಾದವಲ್ಲ. ಸ್ಥಳದ ಆಯ್ಕೆಯಲ್ಲಿ ತಾಲ್ಲೂಕುಗಳ ರಾಜಕೀಯ ತೂಕ ನೋಡುವ ಮುನ್ನ ಅವುಗಳ ನೆಲವನ್ನು ನೋಡಬೇಕು ಎಂಬುದಷ್ಟೇ. ಗಂಗಾವತಿಯ ಕಡೆ ಹೆಬ್ಬಂಡೆಗಳ ಬೆಟ್ಟಸಾಲು. ಗಾಳಿ ಅವುಗಳನ್ನು ಏರಿ ಇಳಿಯುವಾಗ ಬೆಟ್ಟದ ಮರೆಯ ಬದಿಯಲ್ಲಿ ಸುಳಿಗಳಾಗಿ ಒಡೆಯುತ್ತದೆ. ಅಂಜನಾದ್ರಿಗೆ ಹತ್ತಿರವೆಂಬ ಆಕರ್ಷಣೆಗೆ ಈ ಬೆಲೆಯಿದೆ. ಕೊಪ್ಪಳದ ಸುತ್ತ ಗವಿಮಠ, ಪಾಲ್ಕಿಗುಂಡುಗಳ ಗುಡ್ಡಗಳಿವೆ, ಪೂರ್ವಕ್ಕೆ ಕಾರ್ಖಾನೆಗಳ ಚಿಮಣಿಗಳಿವೆ. ಅವುಗಳ ಹೊಗೆ ಯಾವ ಕಡೆಗೆ ಬಾಗುತ್ತದೆಂಬುದು ಗಿಣಿಗೇರಾದ ಹೆಣ್ಣುಮಕ್ಕಳಿಗೆ ಬಟ್ಟೆ ಒಣಹಾಕುವಾಗಲೇ ಗೊತ್ತಿರುತ್ತದೆ. ಯಲಬುರ್ಗಾ, ಕುಷ್ಟಗಿ ಬಟಾಬಯಲು. ಅಲ್ಲಿ ಸುಳಿ ಕಡಿಮೆ, ಗಾಳಿಯ ಬಲ ಹೆಚ್ಚು, ದಿಕ್ಕು ಮಾತ್ರ ನಂಬುವಂಥದ್ದು. ಸರಿಯಾದ ದಿಕ್ಕಿಗೆ ಎಳೆದ ರನ್‌ವೇಗೆ ಇಂಥ ಬಯಲು ವಾಸ್ತವವಾಗಿ ಅನುಕೂಲ. ಆದರೆ ಅಲ್ಲಿ ಗಾಳಿಯಂತ್ರಗಳು ಬಂದು ನಿಂತಿವೆ. ರೆಕ್ಕೆ ಸೇರಿ 150ರಿಂದ 200 ಮೀಟರ್ ಎತ್ತರದ ಯಂತ್ರ ವಿಮಾನದ ದಾರಿಗೆ ಅಡಚಣೆಯೂ ಹೌದು, ತನ್ನ ಹಿಂದೆ ಕಲಕಿದ ಗಾಳಿಯ ಬಾಲವನ್ನು ಬಿಡುವ ವಸ್ತುವೂ ಹೌದು. ವಿಮಾನ ನಿಲ್ದಾಣಕ್ಕೆ ಒಂದು ಇಲಾಖೆ, ಗಾಳಿಯಂತ್ರಕ್ಕೆ ಇನ್ನೊಂದು ಇಲಾಖೆ ಅನುಮತಿ ಕೊಡುತ್ತಾ ಹೋದರೆ ಇನ್ನು ಕೆಲವೇ ವರ್ಷಗಳಲ್ಲಿ ರನ್‌ವೇಗೆ ಯೋಗ್ಯವಾದ ಪಟ್ಟಿಯೇ ಉಳಿಯದಿರಬಹುದು.

ಗಾಳಿಯ ದಾಖಲೆಗಳಿಲ್ಲ ಎನ್ನುವ ನೆಪಕ್ಕೂ ಇಲ್ಲಿ ಎಡೆಯಿಲ್ಲ. ಗಾಳಿಯಂತ್ರ ನೆಡುವ ಮುನ್ನ ಪ್ರತಿ ಕಂಪನಿಯೂ ಎತ್ತರದ ಕಂಬ ನಿಲ್ಲಿಸಿ ಗಾಳಿಯ ವೇಗ, ದಿಕ್ಕುಗಳನ್ನು ಹಗಲಿರುಳು ಅಳೆದಿರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಮಾಪನ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ಗದಗ, ರಾಯಚೂರಿನಲ್ಲಿ ಹವಾಮಾನ ಇಲಾಖೆಯ ಹಳೆಯ ವೀಕ್ಷಣಾಲಯಗಳಿವೆ. ಕಂಪನಿಯ ಕಂಬ ಅಳೆಯುವುದು ಎಂಬತ್ತು, ನೂರು ಮೀಟರ್ ಎತ್ತರದ ಗಾಳಿಯನ್ನು. ರನ್‌ವೇಗೆ ಬೇಕಾದದ್ದು ಹತ್ತು ಮೀಟರ್ ಎತ್ತರದ್ದು. ಆದರೂ ದಿಕ್ಕಿನ ಮಟ್ಟಿಗೆ ಮೊದಲ ಅಂದಾಜಿಗೆ ಇವು ಧಾರಾಳ. ಸರ್ಕಾರದ ಜಮೀನನ್ನೂ ರಿಯಾಯಿತಿಗಳನ್ನೂ ಪಡೆದ ಕಂಪನಿಗಳಿಂದ ಹಳೆಯ ದಾಖಲೆಗಳನ್ನು ಕೇಳಿ ಪಡೆಯಲು ಹೊಸ ಕಾನೂನೇನೂ ಬೇಕಿಲ್ಲ, ಜಿಲ್ಲಾಧಿಕಾರಿಗಳ ಒಂದು ಪತ್ರ ಸಾಕು.

ಹಾಗೆಯೇ, ಈಗಾಗಲೇ ಬಳಕೆಯಲ್ಲಿರುವ ಏರ್‌ಸ್ಟ್ರಿಪ್‌ಗಳಲ್ಲಿ ಗಣ್ಯರು ಬರುವ ದಿನ ಮಾತ್ರ ಗಾಳಿಚೀಲ ಏರಿಸುವ ಪದ್ಧತಿ ನಿಲ್ಲಬೇಕು. ಕಟ್ಟಡ, ಮರಗಳಿಂದ ದೂರ, ರನ್‌ವೇಯ ಎರಡೂ ತುದಿಗೆ ಶಾಶ್ವತ ಗಾಳಿಚೀಲ. ತಾನಾಗಿಯೇ ಗಾಳಿಯನ್ನು ಅಳೆದು ರೇಡಿಯೊ ಮೂಲಕ ಪೈಲಟ್‌ಗೆ ಹೇಳುವ ಯಂತ್ರ. ಸಣ್ಣ ವಿಮಾನಗಳ ವೇಳೆಯನ್ನು ಮಳೆಗಾಲದಲ್ಲಿ ಬೆಳಗಿನ ಹೊತ್ತಿಗೆ ಸೀಮಿತಗೊಳಿಸುವ ಷರತ್ತು. ಮದೀರಾ ದ್ವೀಪದ ಫುಂಚಾಲ್ ನಿಲ್ದಾಣದಲ್ಲಿ ಗಾಳಿಯ ಮಿತಿಯನ್ನು ಪೈಲಟ್‌ನ ವಿವೇಚನೆಗೆ ಬಿಡದೆ ಅಧಿಕಾರಸ್ಥ ಸಂಸ್ಥೆಯೇ ಕಡ್ಡಾಯವಾಗಿ ನಿಗದಿ ಮಾಡಿದೆ. ಇಂಥ ಮಿತಿಯಿದ್ದರೆ ಅದರ ದೊಡ್ಡ ಲಾಭ ಪೈಲಟ್‌ಗೇ. ಹಿಂದಿನ ಸೀಟಿನಲ್ಲಿ ಯಾರೇ ಕುಳಿತಿದ್ದರೂ ‘ನಿಯಮ ಇಲ್ಲ ಅನ್ನುತ್ತದೆ, ಸರ್’ ಎಂದು ಹೇಳಿ ಹಿಂತಿರುಗಬಹುದು.

ಈ ಸೀಮೆಯ ರೈತ ಕಣ ಮಾಡುವಾಗ ಮೊದಲು ನೋಡುತ್ತಿದ್ದದ್ದು ಗಾಳಿಯ ದಿಕ್ಕನ್ನು. ಜೋಳದ ರಾಶಿ ತೂರುವವನು ಗಾಳಿಗೆ ಹೇಗೆ ನಿಲ್ಲಬೇಕು, ಹೊಟ್ಟು ಯಾವ ಕಡೆ ಬೀಳಬೇಕು ಎಂಬುದು ಕಣದ ಜಾಗ ಗೊತ್ತುಮಾಡುವಾಗಲೇ ತೀರ್ಮಾನವಾಗುತ್ತಿತ್ತು. ಅವನಿಗೆ ಅದನ್ನು ಹೇಳಿಕೊಡಲು ಯಾವ ಸಮಾಲೋಚಕ ಸಂಸ್ಥೆಯೂ ಬೇಕಿರಲಿಲ್ಲ. ಈಗ ಮಾಡಬೇಕಾದದ್ದು ಪರಿಶೀಲನೆಯಲ್ಲಿರುವ ಪ್ರತಿಯೊಂದು ಸ್ಥಳದಲ್ಲಿ ಹತ್ತು ಮೀಟರಿನ ಒಂದೊಂದು ಕಂಬ ನೆಡುವುದು. ಮುಂದಿನ ಮುಂಗಾರಿಗೆ ಮುನ್ನ ನೆಟ್ಟರೂ ಐದು ವರ್ಷದ ದಾಖಲೆ ಪೂರ್ಣಗೊಳ್ಳಲು ಐದು ವರ್ಷ ಬೇಕೇ ಬೇಕು. ಯೋಜನೆ ವಿಳಂಬವಾಗುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ನಮ್ಮಲ್ಲಿ ಭೂಸ್ವಾಧೀನದ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗಿ ಮುಗಿಯಲು ಹಿಡಿಯುವ ಕಾಲವೂ ಸಾಮಾನ್ಯವಾಗಿ ಅಷ್ಟೇ.